ಗುಡುಗಪ್ಪನ ದನಿ

ಇದು ನನ್ನ ಕಣ್ಣೆದುರೇ ನಡೆದದ್ದು. ನಮ್ಮ ಯಜಮಾನರ ಫಿರಂಗಿ ದಳದ ಮೂವರು ಗೆಳೆಯರು ಎಷ್ಟೋ ವರ್ಷದ ಮೇಲೆ ಮನೆಗೆ ಬಂದಿದ್ದರು. ಫಿರಂಗಿಯ ಸದ್ದಿಗೆ ನಾಲ್ವರ ಕಿವಿಯೂ ಹೋಗಿದ್ದರಿಂದ ಮಾತೆಲ್ಲ ಅರಚಾಟವೇ.

“ಗುಡುಗಪ್ಪ ಇದ್ದಿದ್ರೆ ಸೂರು ಹಾರ್ತಿತ್ತು ಕಣೋ!” ಎಂದರು ಒಬ್ಬರು. ‘ಹೊಡಿ’ ಎಂದು ಆಜ್ಞೆ ಕೂಗುತ್ತಿದ್ದ ಆತ ಯುದ್ಧದಲ್ಲೇ ಸತ್ತಿದ್ದ.

“ಸಾಯೋದ್ರೊಳಗೆ ಅವನ ದನಿ ಇನ್ನೊಂದ್ಸಲ ಕೇಳ್ಬೇಕು ಕಣ್ರೋ,” ಎಂದರು ನಮ್ಮವರು.

ತಟ್ಟನೆ ನಾಲ್ವರೂ ಬಾಗಿಲ ಕಡೆ ತಿರುಗಿ, ಫಿರಂಗಿ ಹಾರಿಸುವಾಗಿನಂತೆ ಕಿವಿ ಮುಚ್ಚಿ, ಬಾಯಿ ತೆರೆದು ಬಗ್ಗಿದರು. ನನಗೇನೂ ಕೇಳಿಸಲಿಲ್ಲ. ಆದರೆ ಲೋಟಗಳಲ್ಲಿ ಚಹಾ ತುಳುಕಿತು. ಸುಟ್ಟ ಸಿಡಿಮದ್ದಿನ ವಾಸನೆ ಮೂಗಿಗೆ ಅಡರಿತು.

“ಕೇಳ್ತೇನ್ರೋ?”

“ಕೇಳ್ತು, ಕೇಳ್ತು!” ಎಂದು ಮಕ್ಕಳಂತೆ ತಬ್ಬಿಕೊಂಡು ಕುಣಿದರು.

ಅಂದಿನಿಂದ ನಾನು ಅಡುಗೆಮನೆಯಲ್ಲಿ ಗೊಣಗಿದರೂ ನಮ್ಮವರು ಹೊರಗಿನಿಂದಲೇ, “ಯಾಕೆ ಹಾಗೆ ಅರಚ್ತೀಯೇ?” ಅನ್ನುತ್ತಾರೆ.