ಹೊಳೆ ನುಂಗಿದವರ ವೀರಗಲ್ಲು

ಅಂಕನಾಡಿನ ರಾಜಧಾನಿಯಾದ ಬಿಲ್ವಾವತಿಯಲ್ಲಿ ಆ ಕಾರ್ತಿಕ ಮಾಸದಲ್ಲಿ ದೇವಾಲಯದ ಘಂಟಾನಾದವೂ ಕಿವಿಗೆ ಬೀಳದಂತೆ ಉಳಿಯ ಸದ್ದು ತುಂಬಿಹೋಗಿತ್ತು. ಉತ್ತರದ ಹೆಬ್ಬಾಗಿಲಿನಿಂದ ಅರಮನೆಯ ಆನೆಲಾಯದವರೆಗೆ ರಾಜಬೀದಿಯ ಎರಡೂ ಮಗ್ಗುಲಲ್ಲಿ ಕಲ್ಲುಕುಟಿಗರು ಚಪ್ಪರ ಹಾಕಿ ಕುಳಿತಿದ್ದರು. ಕುದುರೆಗಳ ಬೆನ್ನ ಮೇಲೆ, ಹೂವಾಡಗಿತ್ತಿಯರ ಬುಟ್ಟಿಗಳ ಮೇಲೆ, ಅರಸನ ಬೆಳ್ಗೊಡೆಯ ಮೇಲೆ ಕೂಡ ಕಲ್ಲಿನ ಪುಡಿ ಕೂತಿತ್ತು. ಒಂದಲ್ಲ, ಎರಡಲ್ಲ, ಎಂಟುನೂರು ವೀರಗಲ್ಲುಗಳು! ಪ್ರತಿಯೊಂದರಲ್ಲಿಯೂ ಕೆಳಗೆ ಕತ್ತಿ ಹಿರಿದು ಕಾದಾಡುವ ಯೋಧ, ನಡುವೆ ಅವನ ಕೈಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಶಿಖರದಲ್ಲಿ ಕೈಲಾಸ.

ಆದರೆ ಕಾದಾಟವೇ ನಡೆದಿರಲಿಲ್ಲ. ಹೇಳಿಬಿಡುತ್ತೇನೆ, ಮುಚ್ಚಿಟ್ಟು ನನಗೇನು ಆಗಬೇಕು? ಭಾದ್ರಪದದ ನೆರೆಯಲ್ಲಿ ಹಿರೇಹೊಳೆಯನ್ನು ದಾಟಕೂಡದೆಂದು ದಂಡನಾಯಕ ಬಾಚರಸನು ಕಾಲು ಹಿಡಿದು ಬೇಡಿದರೂ, ಇಪ್ಪತ್ತರ ಹರೆಯದ ಅರಸ ಹರಿಗದೇವನು ಹಟ ಹಿಡಿದು ಮುಂಚೂಣಿಯ ಪಡೆಯನ್ನು ನೀರಿಗಿಳಿಸಿ ತಾನೂ ಇಳಿದನು. ಎಂಟುನೂರು ಮಂದಿ ಶತ್ರುವಿನ ಮುಖವನ್ನೂ ಕಾಣದೆ ಮುಳುಗಿ ಸತ್ತರು. ಅರಸನೊಬ್ಬನನ್ನು ಬಾಚರಸನು ಈಜಿ ಎಳೆದು ದಡಕ್ಕೆ ಹಾಕಿದನು.

ನಿಜ ತಿಳಿದರೆ ಪ್ರಜೆಗಳು ಸಿಂಹಾಸನವನ್ನೇ ಕಿತ್ತೆಸೆದಾರೆಂದು ಮಹಾಪ್ರಧಾನ ಕಾಳಿಮಯ್ಯನಿಗೆ ದಿಗಿಲಾಯಿತು. ದೇವಾಲಯದ ಮಂಟಪದಲ್ಲಿ ನಾಲ್ವರನ್ನು ಕೂರಿಸಿಕೊಂಡು, “ಯಾರಿಗೂ ಹೇಳಬೇಡಿ” ಎಂದು ಆಣೆಯಿಡಿಸಿ, ಬಾಚರಸನು ಶತ್ರುವಿಗೆ ಗುಟ್ಟು ಕೊಟ್ಟನೆಂದೂ, ಆಚೆ ದಡದಲ್ಲಿ ಹೊಂಚಿ ನಿಂತಿದ್ದ ಶತ್ರುಗಳೇ ನಮ್ಮವರನ್ನು ಕಡಿದರೆಂದೂ ಕಿವಿಯಲ್ಲಿ ಊದಿದನು. ದಂಡನಾಯಕನನ್ನು ಒಂದು ವರ್ಷ ಗಡಿಯಾಚೆ ಇರಿಸಿ ಮತ್ತೆ ಕರೆಸಿಕೊಂಡರಾಯಿತು ಎಂಬುದು ಅವನ ಲೆಕ್ಕಾಚಾರ. ಪಾಪ, ಜನವನ್ನು ಅವನು ಅಷ್ಟೇ ಬಲ್ಲ!

ಅಂಕನಾಡಿನ ನಂಬಿಕೆಯಲ್ಲಿ ನೀರಿನಲ್ಲಿ ಸತ್ತವನದು ದುರ್ಮರಣ; ಅವನಿಗೆ ವೀರಗಲ್ಲೂ ಇಲ್ಲ, ವೀರಸ್ವರ್ಗವೂ ಇಲ್ಲ. ಶತ್ರುವಿನ ಕತ್ತಿಗೆ ಬಿದ್ದವನಿಗೆ ಎರಡೂ ಉಂಟು. ಹೀಗಿರುವಾಗ ಯಾವ ತಾಯಿ ಸತ್ಯವನ್ನು ಮನೆಯೊಳಗೆ ಬಿಟ್ಟುಕೊಂಡಾಳು? ಎಂಟುನೂರು ಮನೆಗಳಿಗೂ ಆ ಸುದ್ದಿ ಅಮೃತವಾಯಿತು. ಒಬ್ಬಳು ಇನ್ನೊಬ್ಬಳಿಗೆ ಹೇಳಿದಷ್ಟೂ ತನ್ನ ಮಗನು ಸ್ವರ್ಗಕ್ಕೆ ಒಂದು ಮೆಟ್ಟಿಲು ಹತ್ತಿರವಾದಂತೆ ಅನಿಸಿತು. ಒಡನಾಡಿಗಳು ಮುಳುಗುವುದನ್ನು ಕೈಕಟ್ಟಿ ನೋಡಿದೆವೆಂದು ಹೇಳಿಕೊಳ್ಳಲಾರದ ಸೈನಿಕರು ಕೂಡ ಎಂಟು ದಿನಗಳೊಳಗೆ ಶತ್ರುವಿನ ಬಾಣಗಳನ್ನು ಕಣ್ಣಾರೆ ಕಂಡೆವೆನ್ನತೊಡಗಿದರು. ಮೊದಲು ಸುಳ್ಳಾಡಿದರು, ಆಮೇಲೆ ತಾವೇ ನಂಬಿದರು.

ಬಾಚರಸನ ತಲೆ ಬೇಕೆಂದು ಜನ ಅರಮನೆಯ ಬಾಗಿಲು ಬಡಿದಾಗ ಅರಸನು ನಡುಗಿ, ದಂಡನಾಯಕನನ್ನು ಸೆರೆಗೆ ತಳ್ಳಿ, ವಿಚಾರಣೆಗೆ ದಿನ ಗೊತ್ತುಮಾಡಿದನು. ಕಾಳಿಮಯ್ಯನಿಗೆ ಅನ್ನ ಸೇರದಾಯಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆಲ್ಲ ಮುಂದಾಳಾಗಿದ್ದ ನೇಕಾರಗೇರಿಯ ಚಂದವ್ವೆಯನ್ನು ಅವನು ಕಲ್ಲುಕುಟಿಗರ ಚಪ್ಪರದಲ್ಲಿ ಕಂಡು ಕೈಮುಗಿದನು.

“ತಾಯಿ, ಆ ಸುದ್ದಿ ಕಟ್ಟಿದವನು ನಾನು. ಶತ್ರುವೂ ಇರಲಿಲ್ಲ, ದ್ರೋಹವೂ ನಡೆಯಲಿಲ್ಲ.”

“ನಿಮಗೆ ಆ ದ್ರೋಹಿಯ ಮೇಲೆ ಕನಿಕರ, ಬುದ್ಧೀ; ಇರಲಿ. ಬಾಣಗಳಿಗೆ ಕೆಂಪು ಗರಿ ಕಟ್ಟಿತ್ತೆಂದು ನೀವು ಹೇಳಿದಿರಾ?”

“ಇಲ್ಲ! ಅದನ್ನು ನಾನು ಹೇಳಲೇ ಇಲ್ಲ.”

“ನೋಡಿದಿರಾ ಮತ್ತೆ? ನಿಮಗೇ ತಿಳಿಯದ್ದು ಊರಿಗೆಲ್ಲ ತಿಳಿದಿದೆ. ನೀವು ಕಟ್ಟಿದ್ದಾದರೆ ಅದೆಲ್ಲಿಂದ ಬಂತು?” ಎಂದವಳು ಮಗನ ಕಲ್ಲಿನ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. “ನನ್ನ ಕೇತಣನಿಗೆ ಈಜು ಬರುತ್ತಿರಲಿಲ್ಲ. ಚಿಕ್ಕಂದಿನಿಂದ ನೀರೆಂದರೆ ಹೆದರುತ್ತಿದ್ದ. ನಿಮ್ಮ ದಮ್ಮಯ್ಯ, ಆ ಮಾತು ಆಡಬೇಡಿ.”

ಕಾಳಿಮಯ್ಯನು ತಲೆತಗ್ಗಿಸಿ ಹಿಂದಿರುಗಿದನು.

ವಿಚಾರಣೆಯ ದಿನ ಆಸ್ಥಾನದ ಅಂಗಳದಲ್ಲಿ ಕಾಲಿಡಲು ಎಡೆಯಿರಲಿಲ್ಲ. ಸರಪಳಿ ತೊಟ್ಟ ಬಾಚರಸನು ಎಲ್ಲವನ್ನೂ ಬಿಚ್ಚಿ ಹೇಳುವುದೆಂದು ನಿಶ್ಚಯಿಸಿಯೇ ಬಂದಿದ್ದನು. ಹಿಂದಿನ ದಿನ ಸೆರೆಮನೆಗೆ ಬಂದಿದ್ದ ಮಡದಿ ಲಚ್ಚಲದೇವಿಗೂ, ನಿಜವೇನೆಂಬುದನ್ನು ಸಭೆಯಲ್ಲೇ ಹೇಳುತ್ತೇನೆಂದಷ್ಟೇ ಮಾತು ಕೊಟ್ಟಿದ್ದನು. “ಪ್ರಭೂ, ನಾನು ದ್ರೋಹಿಯಲ್ಲ. ಆ ದಿನ ಹೊಳೆಯ ದಡದಲ್ಲಿ ನಡೆದದ್ದೇನೆಂದರೆ…” ಎಂದು ಆರಂಭಿಸಿದನು. ಸಿಂಹಾಸನದ ಮೇಲಿದ್ದವನು ನೆಲ ನೋಡಿದನು.

ಅಷ್ಟರಲ್ಲಿ ಚಂದವ್ವೆ ಕಾವಲಿನವರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ದಂಡನಾಯಕರೇ, ಮಿಕ್ಕದ್ದು ನನಗೆ ಬೇಡ. ಒಂದೇ ಮಾತು ಹೇಳಿ. ನನ್ನ ಮಗ ಕೇತಣ ಸಾಯುವಾಗ ಅವನ ಕೈಯಲ್ಲಿ ಕತ್ತಿ ಇತ್ತೇ?”

ಬಾಚರಸನಿಗೆ ಕೇತಣನು ಚೆನ್ನಾಗಿ ನೆನಪಿದ್ದನು. ನೆರೆಯ ಕೆಂಪು ನೀರಿನಿಂದ ಮೇಲೆದ್ದ ಅವನ ಬರಿಗೈ ಏನನ್ನಾದರೂ ಹಿಡಿಯಲು ತಡಕಾಡಿ, “ಅವ್ವಾ” ಎಂಬ ಕೂಗಿನೊಡನೆ ಇಳಿದುಹೋದದ್ದನ್ನು ಅವನು ಹತ್ತು ಮಾರು ದೂರದಿಂದ ಕಂಡಿದ್ದನು. ಚಂದವ್ವೆ ಅವನ ತುಟಿಗಳನ್ನೇ ನೋಡುತ್ತಿದ್ದಳು.

“ಇತ್ತು ತಾಯಿ,” ಎಂದನು ಬಾಚರಸ. “ಮೂವರನ್ನು ಕೆಡವಿಯೇ ನಿಮ್ಮ ಮಗ ಬಿದ್ದ.”

ಮರುಗಳಿಗೆಯಲ್ಲಿ ಅಂಗಳವೇ ಅಬ್ಬರಿಸಿತು: “ಒಪ್ಪಿಕೊಂಡ! ಶತ್ರುಗಳಿದ್ದದ್ದು ನಿಜವೆಂದು ತನ್ನ ಬಾಯಿಂದಲೇ ಒಪ್ಪಿಕೊಂಡ!” ಕಾಳಿಮಯ್ಯನು ಎದ್ದುನಿಂತು ಸತ್ಯವನ್ನು ಗಂಟಲು ಹರಿಯುವಂತೆ ಕೂಗಿದನು, ಪಕ್ಕದಲ್ಲಿದ್ದವನಿಗೂ ಕೇಳಿಸಲಿಲ್ಲ. ಅರಸನು ಮರಣದಂಡನೆಗೆ ಕೈಯೆತ್ತಿದಾಗ ಅವನ ಮುಖದಲ್ಲಿ ಕಂಡದ್ದು ನೆಮ್ಮದಿ, ಹಾಳಾದ ನೆಮ್ಮದಿ!

ಕೊಲೆಗಂಬಕ್ಕೆ ನಡೆಯುತ್ತಿದ್ದವನ ಬಳಿಗೆ ಓಡಿ ಕಾಳಿಮಯ್ಯನು ಕೇಳಿದನು: “ಏಕೆ ಹಾಗೆಂದಿರಿ?”

“ಆ ತಾಯಿಯ ಮುಖ ನೋಡಿ ಬೇರೆ ಹೇಳಲು ನಿಮ್ಮಿಂದ ಆಗುತ್ತಿತ್ತೇ, ಪ್ರಧಾನರೇ? ನನ್ನ ಮನೆಯವಳಿಗೆ ಮಾತ್ರ ನಿಜ ತಿಳಿಸಿ. ಅವಳೊಬ್ಬಳು ತಿಳಿದರೆ ಸಾಕು.”

ಬಾಚರಸನ ತಲೆ ಉರುಳಿತು. ಚಂದವ್ವೆ ತನ್ನ ಕೇರಿ ಮುಟ್ಟುವಷ್ಟರಲ್ಲಿ ಕೇತಣನು ಕೆಡವಿದ ಮೂವರು ಏಳು ಮಂದಿಯಾಗಿದ್ದರು. ಅವಳು ಎರಡು ತಿಂಗಳ ಮೇಲೆ ಮೊದಲ ಬಾರಿಗೆ ಒಲೆ ಹೊತ್ತಿಸಿ ಹೊಟ್ಟೆ ತುಂಬ ಉಂಡಳಂತೆ.

ಕಾಳಿಮಯ್ಯನು ನೇರವಾಗಿ ದಂಡನಾಯಕನ ಮನೆಗೆ ಹೋಗಿ, ಲಚ್ಚಲದೇವಿಯ ಮುಂದೆ ನೆಲದ ಮೇಲೆ ಕುಳಿತು, ನೆರೆಯಿಂದ ಹಿಡಿದು ಆ ಕೊನೆಯ ಮಾತಿನವರೆಗೆ ಒಂದನ್ನೂ ಬಿಡದೆ ಹೇಳಿದನು. ಅವಳು ಅಳಲಿಲ್ಲ. ಎಲ್ಲವನ್ನೂ ಕೇಳಿ ಮುಗಿಸಿ, ಬಾಗಿಲ ಚೌಕಟ್ಟನ್ನು ಹಿಡಿದು ಎದ್ದುನಿಂತಳು.

“ನನ್ನನ್ನು ಸಂತೈಸಲು ಬಂದಿರಿ, ದೊಡ್ಡ ಮನಸ್ಸು ನಿಮ್ಮದು,” ಎಂದಳು. “ಆದರೆ ಇಪ್ಪತ್ತೆರಡು ವರ್ಷ ಅವರೊಡನೆ ಬಾಳಿದೆ. ಒಂದು ದಿನವೂ ಅವರ ಬಾಯಲ್ಲಿ ಸುಳ್ಳು ಬರಲಿಲ್ಲ. ತುಂಬಿದ ಸಭೆಯಲ್ಲಿ ಅವರೇ ಒಪ್ಪಿಕೊಂಡ ಮೇಲೆ ನಿಮ್ಮ ಮಾತನ್ನು ಹೇಗೆ ನಂಬಲಿ, ಪ್ರಧಾನರೇ?”