ಟ್ಯಾಂಕಿನ ಮುಚ್ಚಳ

ನಾಲ್ಕು ರಸ್ತೆ ಸೇರುವಲ್ಲಿ ಕಾರು ನಿಂತೇಬಿಟ್ಟಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಅವಳು ಸ್ಟಿಯರಿಂಗ್ ಹಿಡಿದು ಕಲ್ಲಿನಂತೆ ಕೂತಿದ್ದಾಗ ಯಾರೋ ಕಿಟಕಿ ತಟ್ಟಿದರು.

"ನ್ಯೂಟ್ರಲ್‌ಗೆ ಹಾಕಿ. ನಾನು ತಳ್ತೀನಿ."

ಗ್ರೀಸು ಮೆತ್ತಿದ ಕೈ, ನಗದ ಮುಖ. ಆದರೆ ಆ ಹಳೆಯ ಕಾರನ್ನು ಅವನು ನೋಡಿದ ರೀತಿ... ಬಹುಕಾಲ ಕಾಣದ ನೆಂಟರನ್ನು ನೋಡುವಂತಿತ್ತು.

ಅವನ ವರ್ಕ್‌ಶಾಪು ಪಕ್ಕದ ಬೀದಿಯಲ್ಲೇ ಇತ್ತು. ಕಾರು ಅವಳ ತೀರಿಹೋದ ಗಂಡನದು. ಗಂಡ ಹೋದಂದಿನಿಂದ ಶೆಡ್ಡಿನಲ್ಲಿದ್ದದ್ದನ್ನು, ಮಗನ ಕಾರಿನಲ್ಲಿ ಒಮ್ಮೆ ಸುತ್ತಬೇಕೆಂಬ ಅತ್ತೆಯ ಹಠಕ್ಕೆ ಹೊರತೆಗೆದಿದ್ದಳು. ಹಳೆಯ ಪೆಟ್ರೋಲು ಬಸಿಯಬೇಕು ಎಂದ ಮೆಕ್ಯಾನಿಕ್. ಬೇಡ ಎಂದಳು. ಅವನು ಕಾರಣ ಕೇಳಲಿಲ್ಲ; ಹೊಸದನ್ನು ಅದರ ಮೇಲೆಯೇ ಸುರಿದ.

ಫಿಲ್ಟರ್ ಬದಲಿಸಿದ, ಪಂಪ್ ಬಿಚ್ಚಿದ, ಕಾರ್ಬ್ಯುರೇಟರ್ ತೊಳೆದ. ಅವನ ಅಂಗಳದಲ್ಲಿ ಎಂಜಿನ್ ಗಂಟೆಗಟ್ಟಲೆ ಗುನುಗುತ್ತಿತ್ತು. ಅವಳು ಮನೆಗೆ ಹೊರಟರೆ ದಾರಿಯಲ್ಲೇ ಮುಗ್ಗರಿಸಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಹೀಗೇ ಎಷ್ಟೋ ಸಲ.

ಅತ್ತೆಗೆ ಮೋಜು. "ಡಾಕ್ಟರನ್ನ ಕಂಡ್ರೆ ವಾಸಿ, ಮನೆ ಕಡೆ ತಿರುಗಿದ್ರೆ ಜ್ವರ. ಜ್ವರ ಕಾರಿಗೇ ತಾನೇ ಕಣೇ?"

ಮಾತು ನಾಟಿತು. ಆ ವರ್ಕ್‌ಶಾಪಿನ ಮುರುಕು ಸ್ಟೂಲಿನ ಮೇಲೆ ಕೂತು ತಾನು ಮತ್ತೆ ನಗತೊಡಗಿದ್ದು ಅವಳಿಗೂ ಗೊತ್ತಿತ್ತು. ಆ ಅಳುಕೇ ಮರುದಿನ ಸಿಟ್ಟಾಗಿ ಹೊರಬಂತು.

"ಬೇಕಂತಲೇ ಪೂರ್ತಿ ರಿಪೇರಿ ಮಾಡ್ತಿಲ್ವಾ ನೀವು?"

ಅವನು ಸ್ಪ್ಯಾನರ್ ಕೆಳಗಿಟ್ಟ. ಟ್ಯಾಂಕಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದ. "ಬೇರೆ ಕಡೆ ತೋರ್ಸಿ" ಎಂದಷ್ಟೇ ಹೇಳಿ ಒಳಗೆ ಹೋದ.

ದಾರಿಯಲ್ಲಿ ಕಾರು ಮತ್ತೆ ನಿಂತಿತು. ಇನ್ನು ಕರೆದರೂ ಅವನು ಬರಲಾರ... ಆದರೂ ಪ್ರಶ್ನೆ ಬಿಡಲಿಲ್ಲ. ಅಲ್ಲಿ ಓಡುವುದು ಇಲ್ಲೇಕೆ ನಿಲ್ಲುತ್ತದೆ? ಅವನು ಮಾಡುವ ಯಾವ ಕೆಲಸವನ್ನು ನಾನು ಮಾಡುತ್ತಿಲ್ಲ?

ಮುಚ್ಚಳ! ಎಂಜಿನ್ ಮುಟ್ಟುವ ಮೊದಲು ಅವನು ಟ್ಯಾಂಕಿಗೆ ಕಡ್ಡಿ ಇಳಿಸಿ ಪೆಟ್ರೋಲು ಅಳೆಯುತ್ತಿದ್ದ. ಆಮೇಲೆ ಟ್ಯಾಂಕಿನ ಬಾಯಿಗೆ ಬರೀ ಬಟ್ಟೆ. ಮುಚ್ಚಳ ಹಾಕುತ್ತಿದ್ದುದು ಅವಳು ಹೊರಡುವಾಗಲೇ.

ಇಳಿದು ಮುಚ್ಚಳ ತಿರುಗಿಸಿದಳು. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಮುಚ್ಚಳದ ಒಳಗೆ ಗಾಳಿಗೆಂದೇ ಇಟ್ಟ ಸಣ್ಣ ತೂತು; ಅದರಿಂದ ಗಾಳಿ ಬಾರದಿದ್ದರೆ ಪೆಟ್ರೋಲು ಎಂಜಿನ್ನಿಗೆ ಹರಿಯದು. ತೂತಿನ ತುಂಬ ಮೇಣ. ಅವಳೇ ತುಂಬಿದ್ದ ಮೇಣ.

ಟ್ಯಾಂಕಿನ ಬಾಯಿಗೆ ಕರವಸ್ತ್ರ ಕಟ್ಟಿ ಕಾರು ತಿರುಗಿಸಿದಳು. ಎಲ್ಲೂ ನಿಲ್ಲಲಿಲ್ಲ. ಸದ್ದು ಕೇಳಿ ಅವನು ಬಾಗಿಲಿಗೆ ಬಂದಿದ್ದ.

ಮುಚ್ಚಳವನ್ನು ಅವನ ಅಂಗೈಯಲ್ಲಿಟ್ಟಳು. "ಅವರು ಕೊನೇ ಸಲ ಹಾಕಿಸಿದ ಪೆಟ್ರೋಲು... ಆರಿಹೋಗ್ಬಾರ್ದು ಅಂತ ನಾನೇ ಮುಚ್ಚಿದ್ದೆ. ನಿಮ್ಮನ್ನ ಅಂದದ್ದು ತಪ್ಪಾಯ್ತು."

ಅವನು ತೂತನ್ನೇ ನೋಡಿದ. "ಪೂರ್ತಿ ತಪ್ಪಲ್ಲ. ಕಾರಣ ಸಿಗದೇ ಇರ್ಲಿ ಅಂತ ನನಗೂ ಅನ್ನಿಸ್ತಿತ್ತು. ಅದಕ್ಕೇ ನೀವು ಕೇಳಿದಾಗ ಬೇರೆ ಕಡೆ ತೋರ್ಸಿ ಅಂದೆ."

ಅವಳು ಪಿನ್ನು ಕೇಳಿ ಪಡೆದು ತೂತು ಕೆದಕಿದಳು. ಮೇಣ ಪುಡಿಯಾಗಿ ಉದುರಿತು. ಜೋಪಾನ ಮಾಡಿದ್ದ ಪೆಟ್ರೋಲು, ಈ ಅಂಗಳಕ್ಕೆ ಬಂದು ಹೋಗುವುದರಲ್ಲೇ ಎಂದೋ ಮುಗಿದಿತ್ತು.

"ಇನ್ನು ಕಾರು ನಿಲ್ಲಲ್ಲ" ಎಂದ ಅವನು, ಮೆಲ್ಲಗೆ.

"ನಿಲ್ಲದಿದ್ರೂ ಬರ್ತೀನಿ."

"ನಿಮ್ಮತ್ತೆ ಏನಂತಾರೋ?"

"ಜ್ವರ ಯಾರಿಗೆ ಅಂತ ಅವರಿಗೆ ನಮಗಿಂತ ಮೊದಲೇ ಗೊತ್ತಾಗಿದೆ."