ನೂರೆಂಬತ್ತು ಅಡಿಯಲ್ಲಿ ನಿಂತ ವಿಮಾನ

ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಠಾಣೆಗೆ ಫೋನ್ ಬಂತು. ವಿಮಾನ ಕಂಪನಿಯೊಂದರ ತರಬೇತಿ ಕಟ್ಟಡದಲ್ಲಿ ಹಿರಿಯ ಕ್ಯಾಪ್ಟನ್ ಒಬ್ಬರನ್ನು ತಲೆ ಜಜ್ಜಿ ಕೊಂದಿದ್ದಾರೆ ಎಂದು ಅಲ್ಲಿನ ಕಾವಲುಗಾರ ತಿಳಿಸಿದ. ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಹತ್ತಕ್ಕೆ ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಜೊತೆ ಸ್ಥಳದಲ್ಲಿದ್ದರು.

ಕೊಲೆ ನಡೆದದ್ದು ಸಿಮ್ಯುಲೇಟರಿನೊಳಗೆ. ಪೈಲಟ್‌ಗಳು ನೆಲದ ಮೇಲೆ ಕೂತೇ ಹಾರಾಟ ಅಭ್ಯಾಸ ಮಾಡುವ, ವಿಮಾನದ ಕಾಕ್‌ಪಿಟ್ಟಿನಂತೆಯೇ ಇರುವ ಯಂತ್ರ ಅದು. ಹೆಣ ಸೀಟುಗಳ ಹಿಂದೆ ಅಂಗಾತ ಬಿದ್ದಿತ್ತು. ಬುರುಡೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ಎಡಗಡೆಯ ಸೀಟು, ಗುಂಡಿಗಳು, ಚಾವಣಿ, ಎಲ್ಲ ಕಡೆಯೂ ರಕ್ತ. ಗೋಡೆಯಿಂದ ಕಿತ್ತ ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಉರುಳಿತ್ತು. ತಳಕ್ಕೆ ಕೂದಲು ಅಂಟಿತ್ತು. ಏಳು ಏಟಿಗೆ ಕಡಿಮೆಯಿಲ್ಲ ಎಂದರು ವೈದ್ಯರು.

ಎದುರಿನ ಪರದೆಯಲ್ಲಿ ರನ್‌ವೇಯ ಚಿತ್ರ ನಿಂತುಹೋಗಿತ್ತು. ಎತ್ತರ, ನೂರೆಂಬತ್ತು ಅಡಿ. ಇನ್‌ಸ್ಪೆಕ್ಟರ್ ಅದನ್ನೂ ಪಂಚನಾಮೆಗೆ ಸೇರಿಸಲು ಹೇಳಿದರು.

"ಪರದೆ ಮೇಲಿನ ಬೊಂಬೆಯಾಟಾನೂ ಬರೀಬೇಕಾ ಮೇಡಂ?" ಎಂದ ಹೆಡ್ ಕಾನ್‌ಸ್ಟೆಬಲ್.

"ಬರೀರಿ. ನಿಮ್ಮ ಕೈಯೇನೂ ಸವೆದುಹೋಗಲ್ಲ."

ಅಷ್ಟರಲ್ಲಿ ಪೊಲೀಸರು ಒಬ್ಬನನ್ನು ಹಿಡಿದು ಠಾಣೆಗೆ ಒಯ್ದಿದ್ದರು. ಹೆಣವನ್ನು ಮೊದಲು ಕಂಡ ಸಹಪೈಲಟ್. ಅಂಗಿಯ ತುಂಬ ರಕ್ತ. ನಾಲ್ಕು ತಿಂಗಳ ಹಿಂದೆ ಅವನೂ ಕ್ಯಾಪ್ಟನ್ನೂ ಇಳಿಸುತ್ತಿದ್ದ ವಿಮಾನ ಅತಿ ವೇಗದಲ್ಲಿ ಬಂದು, ರನ್‌ವೇ ದಾಟಿ ಗೋಡೆಗೆ ಬಡಿದಿತ್ತು. ಬಾಲ ಮುರಿದು, ಹಿಂದಿನ ಸೀಟಿನಲ್ಲಿದ್ದ ಗಗನಸಖಿ ಅಲ್ಲೇ ನಜ್ಜುಗುಜ್ಜಾಗಿ ಸತ್ತಿದ್ದಳು. ಇಬ್ಬರದೂ ತಪ್ಪು ಎಂದಿತ್ತು ವಿಚಾರಣಾ ವರದಿ. ಈ ದಿನದ ಮರುಪರೀಕ್ಷೆ ಪಾಸಾದರೆ ಮಾತ್ರ ಇಬ್ಬರಿಗೂ ಮತ್ತೆ ಹಾರಾಟ.

ಮೇಲಧಿಕಾರಿಯ ಆದೇಶ ಚುಟುಕಾಗಿತ್ತು: ಸಂಜೆ ಐದರೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿ. ಒಬ್ಬ ಕಾನ್‌ಸ್ಟೆಬಲ್ ಆಗಲೇ ಕೈ ಮಾಡಿದ್ದ. ಸಹಪೈಲಟ್‌ನ ತುಟಿ ಒಡೆದು, ಒಂದು ಕಣ್ಣು ಮುಚ್ಚಿಕೊಂಡಿತ್ತು.

"ನಿನ್ನೆ ಕ್ಯಾಂಟೀನಲ್ಲಿ ಅವರ ಕಪಾಳಕ್ಕೆ ಬಾರಿಸಿದ್ದು ನೀವೇ ತಾನೆ?" ಠಾಣೆಗೆ ಮರಳಿದ ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ. ಅಪಘಾತದ ತಪ್ಪು ನಂದಂತೆ, ಅವತ್ತು ನಾನು ಬಾಯಿ ಬಿಡಬೇಕಿತ್ತಂತೆ. ಬಿಟ್ಟಿದ್ರೆ ಕೇಳ್ತಿದ್ರಾ? ಮೊದಲ ದಿನಾನೇ ಹೇಳಿದ್ರು, ನನ್ನ ಪಕ್ಕ ಕೂತ್ಕೊಂಡ ಮೇಲೆ ಕೈ ತೊಡೆ ಮೇಲಿರಲಿ, ನಾಲಿಗೆ ಬಾಯೊಳಗಿರಲಿ ಅಂತ."

"ರಕ್ತ?"

"ಉಸಿರಿದೆಯಾ ಅಂತ ನೋಡೋಕೆ ಸೀಟಿಂದ ಎಳೆದೆ."

"ಪರೀಕ್ಷೆ ಎಂಟಕ್ಕಿತ್ತು. ಒಂಬತ್ತಕ್ಕೆ ಯಾಕೆ ಬಂದ್ರಿ?"

"ಯಂತ್ರ ಕೆಟ್ಟಿದೆ, ಒಂಬತ್ತಕ್ಕೆ ಬನ್ನಿ ಅಂತ ಆಫೀಸಿಂದ ಫೋನ್ ಬಂತು."

ಪರೀಕ್ಷೆ ನಡೆಸಬೇಕಿದ್ದ ತರಬೇತುದಾರರಿಗೂ ಅದೇ ಕರೆ ಹೋಗಿತ್ತು. ಸತ್ತವರಿಗೆ ಮಾತ್ರ ಹೋಗಿರಲಿಲ್ಲ. ಅವರು ಒಂಟಿಯಾಗಿ ಸಿಗುವಂತೆ ಯಾರೋ ಮಾಡಿದ್ದರು. ಇನ್‌ಸ್ಪೆಕ್ಟರ್ ಮತ್ತೆ ಸಿಮ್ಯುಲೇಟರಿಗೆ ಹೋಗಿ ತರಬೇತುದಾರರನ್ನು ಪರದೆಯ ಮುಂದೆ ನಿಲ್ಲಿಸಿದರು. ಅವರು ಅಂಕಿಗಳನ್ನು ಒಂದೊಂದಾಗಿ ಓದಿದರು.

"ಈ ಗಾಳಿ, ಈ ತೂಕ, ಈ ವೇಗ ನಾನು ಹಾಕಿದ್ದಲ್ಲ ಮೇಡಂ. ಇದು ಅಪಘಾತದ ದಿನದ್ದು."

"ಈ ಅಂಕಿ ಅಂಶ ಯಾರ ಹತ್ರ ಇರುತ್ತೆ?"

"ಡೇಟಾ ರೂಮಿನವನ ಹತ್ರ. ಪ್ರತಿ ವಿಮಾನ ಇಳಿದ ಮೇಲೆ ಅದರ ದಾಖಲೆ ಓದಿ, ಪೈಲಟ್ ಎಲ್ಲಿ ತಪ್ಪಿದ ಅಂತ ವರದಿ ಬರೆಯೋದು ಅವನ ಕೆಲಸ. ಪಾಪ, ಅಪಘಾತದಲ್ಲಿ ಸತ್ತ ಹುಡುಗಿ ಅವನ ತಂಗಿ."

ಮಧ್ಯಾಹ್ನ ಎರಡಕ್ಕೆ ಫೋನ್ ದಾಖಲೆ ಕೈಗೆ ಬಂತು. ಏಳು ಇಪ್ಪತ್ತೊಂದರ ಎರಡೂ ಕರೆಗಳು ಡೇಟಾ ರೂಮಿನ ಫೋನಿನಿಂದ ಹೋಗಿದ್ದವು.

ಮೂರು ಹತ್ತಕ್ಕೆ ಪೊಲೀಸರು ಎರಡನೇ ಮಹಡಿ ಹತ್ತಿದಾಗ ಡೇಟಾ ರೂಮಿನವನು ಏನೂ ನಡೆದಿಲ್ಲವೆಂಬಂತೆ ಕೀಲಿಮಣೆ ಕುಟ್ಟುತ್ತಿದ್ದ. ಅಂಗಿ ಬದಲಿಸಿದ್ದ, ಬೂಟಿನ ಹೊಲಿಗೆಯಲ್ಲಿ ರಕ್ತ ಒಣಗಿತ್ತು. ಹೆಡ್ ಕಾನ್‌ಸ್ಟೆಬಲ್ ಭುಜದ ಮೇಲೆ ಕೈಯಿಟ್ಟದ್ದೇ ತಡ, ಕೀಲಿಮಣೆಯನ್ನೇ ಎತ್ತಿ ಪೊಲೀಸನ ಮುಖಕ್ಕೆ ಅಪ್ಪಳಿಸಿ ಓಡಿದ. ಮೂಗಿನ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಮೆಟ್ಟಿಲ ಮೇಲೆ ಮೂವರು ಅವನನ್ನು ಕೆಡವಿಕೊಂಡರು. ಹಣೆ ಕಲ್ಲಿಗೆ ಬಡಿದು ಸೀಳಿತು.

ಹಣೆಗೆ ಪಟ್ಟಿ ಕಟ್ಟಿಸಿಕೊಂಡ ಮೇಲೆ ಅವನೇ ಮಾತಿಗಿಳಿದ.

"ಹೊಡೆಯೋಕೆ ಅಂತ ಹೋಗಿರಲಿಲ್ಲ ಮೇಡಂ. ಪರೀಕ್ಷೆಗೆ ಮುಂಚೆ ಒಂದು ಸಲ ಅಭ್ಯಾಸ ಮಾಡಿ ಅಂತ ಕೂರಿಸಿ, ಅದೇ ಲ್ಯಾಂಡಿಂಗ್ ಅವರಿಗೆ ಮತ್ತೆ ಕೊಟ್ಟೆ. ಐನೂರು ಅಡಿಗೆ ಬಂದಾಗ್ಲೂ ವೇಗ ಹತೋಟಿಗೆ ಬರದಿದ್ರೆ ಇಳಿಸೋದು ಬಿಟ್ಟು ಮೇಲೆತ್ತಬೇಕು. ಎತ್ತಿದ್ದಿದ್ರೆ ನನ್ನ ಪಾಡಿಗೆ ನಾನು ಹೋಗಿಬಿಡ್ತಿದ್ದೆ."

"ಎತ್ತಲಿಲ್ಲ."

"ಇದು ಯಾವ ಲ್ಯಾಂಡಿಂಗ್ ಅಂತ ಗುರುತೂ ಸಿಗಲಿಲ್ಲ ಅವರಿಗೆ. ನಾನೂರು ದಾಟಿತು, ಮುನ್ನೂರು ದಾಟಿತು. ಸರ್, ಮೇಲೆತ್ತಿ ಅಂದೆ. ಸುಮ್ನಿರಯ್ಯಾ, ಇಳಿಸ್ತೀನಿ ಅಂದ್ರು. ಯಂತ್ರ ನಿಲ್ಲಿಸಿ, ಗೋಡೆ ಮೇಲಿದ್ದ ಸಿಲಿಂಡರ್ ಕಿತ್ಕೊಂಡೆ."

ಇನ್‌ಸ್ಪೆಕ್ಟರ್ ಅವನ ಕೋಣೆಯಿಂದ ತಂದ ಕಡತ ತೆರೆದರು. ಅಪಘಾತಕ್ಕೂ ಮೊದಲೇ ಕ್ಯಾಪ್ಟನ್ ಮೂರು ಸಲ ಇದೇ ತಪ್ಪು ಮಾಡಿದ್ದರು. ಮೂರನೆಯ ವರದಿಯ ಕೆಳಗೆ, ಮುಂದೆ ಕ್ರಮ ಬೇಡ ಎಂಬರ್ಥದಲ್ಲಿ, 'ಮುಕ್ತಾಯ' ಎಂದು ಬರೆದಿತ್ತು.

"ಈ ಸಹಿ ಯಾರದ್ದು?"

ಅವನು ಸಹಿಯ ಮೇಲೆ ಬೆರಳಿಟ್ಟ.

"ನಂದೇ. ಕ್ಯಾಪ್ಟನ್ನೇ ಹೆಗಲ ಮೇಲೆ ಕೈ ಹಾಕಿ ಟೀ ಕುಡಿಸಿದ್ರು. ಯಾರಿಗೂ ಏನೂ ಆಗಿಲ್ವಲ್ಲಪ್ಪಾ, ಮುಗಿಸಿಬಿಡು ಅಂದ್ರು. ಮುಗಿಸಿದೆ. ಹನ್ನೊಂದೇ ದಿನಕ್ಕೆ ತಂಗಿ ಅವರ ವಿಮಾನ ಹತ್ತಿದಳು."

ನಾಲ್ಕು ಐವತ್ತಕ್ಕೆ ಸಹಪೈಲಟ್‌ನನ್ನು ಬಿಡುಗಡೆ ಮಾಡಲಾಯಿತು. ಅವನ ಮೇಲೆ ಕೈ ಮಾಡಿದ ಕಾನ್‌ಸ್ಟೆಬಲ್‌ಗೆ ನೋಟಿಸ್ ಹೋಯಿತು.

ಮರುದಿನ ಬೆಳಿಗ್ಗೆ ಪೊಲೀಸರು ಡೇಟಾ ರೂಮಿನ ಕಪಾಟುಗಳನ್ನು ಜಪ್ತಿ ಮಾಡಿದರು. ಮುಕ್ತಾಯ ಎಂದು ಬರೆದ ವರದಿಗಳು ನಲವತ್ತೊಂದು ಸಿಕ್ಕವು. ಅವುಗಳಲ್ಲಿದ್ದ ಕ್ಯಾಪ್ಟನ್‌ಗಳ ಪೈಕಿ ಒಂಬತ್ತು ಮಂದಿ ಆ ಹೊತ್ತಿನಲ್ಲಿ ಆಕಾಶದಲ್ಲಿದ್ದರು.